ಪೆಟ್ಟು ಬಿದ್ದ ಜಾಗದ ಗಂಟು

ನಮ್ಮ ಕಡೆ ಮೈಮೇಲೆ ಎಲ್ಲಿಯೇ ಒಂದು ಗಂಟು ಎದ್ದರೂ ಅದರ ಹಿಂದೆ ಒಂದು ಪೆಟ್ಟಿನ ಕಥೆ ಇದ್ದೇ ಇರುತ್ತದೆ. ತೋಳಿನ ಮೇಲಿನದು ಎಂದೋ ಹಸು ಹಾಯ್ದದ್ದರ ಫಲ. ಬೆನ್ನಿನ ಮೇಲಿನದು ಬಾಲ್ಯದಲ್ಲಿ ಮೇಷ್ಟರು ಕೊಟ್ಟ ಗುದ್ದಿನ ಪ್ರಸಾದ. ಪೆಟ್ಟು ನೆನಪಿಗೆ ಬಾರದೆ ಹೋದರೆ ಮನೆಯ ಹಿರಿಯರು ಕುಳಿತು ನೆನಪಿಸಿಕೊಡುತ್ತಾರೆ. ಕಾರಣವಿಲ್ಲದ ಕಾರ್ಯ ಲೋಕದಲ್ಲಿ ಇಲ್ಲವಷ್ಟೆ!

ನನ್ನ ಸೋದರಮಾವನ ತೊಡೆಯ ಗಂಟಿಗೂ ಇಂಥದೊಂದು ಕಥೆ ಇತ್ತು. 2007ರ ಮಳೆಗಾಲದಲ್ಲಿ ಅವರು ಅಟ್ಟದ ಮೇಲಿನಿಂದ ಅಡಕೆಯ ಮೂಟೆ ಇಳಿಸುತ್ತಿದ್ದಾಗ ಏಣಿ ಜಾರಿತು. ಬಲದೊಡೆ ಕಂಬದ ಅಂಚಿಗೆ ಬಡಿಯಿತು. ವಾರವೊಂದರಲ್ಲಿ ಬಾವು ಇಳಿಯಿತು. ಆದರೆ ಆಳದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಉರಿಯಿಲ್ಲ, ಕೆಂಪಿಲ್ಲ. ಅತ್ತೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ಎಲೆ ಕಟ್ಟಿದರು. ರಜೆಗೆ ಹೋದ ನನಗೆ ಮಾವ ಪಂಚೆ ಸರಿಸಿ ತೋರಿಸಿ, "ನೀನು ಓದಿದವನಲ್ಲವೇನೋ, ಇದೇನು ಹೇಳು ನೋಡೋಣ" ಎಂದರು.

ನಾನು ಹೇಳಿದೆ. ಹೇಳಬಾರದಿತ್ತು.

ಆಗತಾನೆ ಕೆಲಸಕ್ಕೆ ಸೇರಿದ್ದ ಕನ್ನಡ ಅಧ್ಯಾಪಕ ನಾನು. ಶಬ್ದಗಳ ಬೆನ್ನು ಹತ್ತಿ ಹೋಗುವ ಚಟದಿಂದ ಸುಶ್ರುತ ಸಂಹಿತೆಯ ನಿದಾನಸ್ಥಾನವನ್ನು ತಿರುವಿ ಹಾಕಿದ್ದೆ. ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳ ವಿಚಾರವಿದೆ. ಅರ್ಬುದಗಳು ಆರು ಬಗೆ: ವಾತ, ಪಿತ್ತ, ಕಫಗಳಿಂದ ಮೂರು, ರಕ್ತ, ಮಾಂಸ, ಮೇದಸ್ಸುಗಳಿಂದ ಮೂರು. ಅವುಗಳಲ್ಲಿ ಮಾಂಸಾರ್ಬುದ ಹೇಗೆ ಹುಟ್ಟುತ್ತದೆಂದರೆ, ಮುಷ್ಟಿಯ ಗುದ್ದು ಮೊದಲಾದವುಗಳಿಂದ ಪೀಡಿತವಾದ ಅಂಗದಲ್ಲಿ ಮಾಂಸ ಕೆಟ್ಟು ಬಾವಾಗುತ್ತದೆ; ಅದು ನೋಯುವುದಿಲ್ಲ, ಚರ್ಮದ ಬಣ್ಣವನ್ನೇ ಹೊಂದಿರುತ್ತದೆ, ಹಣ್ಣಾಗಿ ಕೀವಾಗುವುದಿಲ್ಲ, ಕಲ್ಲಿನಂತೆ ಗಟ್ಟಿ, ಅಲುಗದು. ಇಷ್ಟನ್ನೂ ನಾನು ಮಾವನಿಗೆ ವಿವರಿಸಿದೆ. ಊರವರ ನಂಬಿಕೆಗೆ ಶಾಸ್ತ್ರದ ಮುದ್ರೆ ಬಿದ್ದಿತು. "ನೋಡಿದೆಯೇನೇ, ಪೆಟ್ಟಿನಿಂದಲೇ ಆದದ್ದಂತೆ" ಎಂದು ಮಾವ ಅತ್ತೆಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು. ಪೆಟ್ಟಿನಿಂದ ಆದದ್ದು ಪೆಟ್ಟಿನಂತೆಯೇ ವಾಸಿಯಾಗಬೇಕಲ್ಲವೆ? ಎಲೆಯ ಕಟ್ಟು ಇನ್ನೂ ಎಂಟು ತಿಂಗಳು ಮುಂದುವರಿಯಿತು.

ಅದೇ ಪ್ರಕರಣದಲ್ಲಿ ಸುಶ್ರುತ ಇನ್ನೊಂದು ಮಾತನ್ನೂ ಹೇಳುತ್ತಾನೆ: ಮಾಂಸಾರ್ಬುದ ಅಸಾಧ್ಯ, ಎಂದರೆ ಚಿಕಿತ್ಸೆಗೆ ಬಗ್ಗದ್ದು ಎಂದು. ಅದನ್ನೂ ನಾನು ಓದಿದ್ದೆ. ಮಾವನಿಗೆ ಹೇಳಿರಲಿಲ್ಲ, ಅದು ಇವರಿಗೆ ಸಂಬಂಧಿಸಿದ್ದಲ್ಲವೆಂದು ಅಂದುಕೊಂಡಿದ್ದೆ.

ಈ ಪೆಟ್ಟು ಮತ್ತು ಗಂಟಿನ ನಂಟು ನಮ್ಮ ಹಳ್ಳಿಯದು ಮಾತ್ರವಲ್ಲ ಎಂದು ಆಮೇಲೆ ತಿಳಿಯಿತು. ದೊಡ್ಡ ದೊಡ್ಡ ವೈದ್ಯರೇ ಈ ಏಣಿಯಿಂದ ಜಾರಿದ್ದಾರೆ.

ಮೃದು ಅಂಗಾಂಶವೆಂದರೆ ಮೂಳೆಯಲ್ಲದ, ದೇಹವನ್ನು ಹಿಡಿದಿಡುವ ಮತ್ತು ತುಂಬುವ ಭಾಗಗಳು: ಮಾಂಸಖಂಡ, ಕೊಬ್ಬು, ನಾರು, ನರ, ರಕ್ತನಾಳ, ಕೀಲಿನ ಸುತ್ತಣ ಪೊರೆ. ಇವುಗಳಲ್ಲಿ ಏಳುವ ಗಂಟುಗಳಲ್ಲಿ ಬಹುಪಾಲು ಸಾಧು ಸ್ವಭಾವದವು. ಚರ್ಮದ ಕೆಳಗೆ ಮೆತ್ತಗೆ ಜಾರಾಡುವ ಕೊಬ್ಬಿನ ಗಡ್ಡೆ ಎಷ್ಟೋ ಮಂದಿಗೆ ಇರುತ್ತದೆ. ಜೀವಮಾನವೆಲ್ಲ ಜೊತೆಗಿದ್ದು ಯಾರಿಗೂ ತೊಂದರೆ ಕೊಡದೆ ಅವರೊಡನೆಯೇ ಹೊರಟುಹೋಗುತ್ತದೆ. ದುಷ್ಟ ಜಾತಿಯವು ವಿರಳ. ವಯಸ್ಕರ ಕ್ಯಾನ್ಸರುಗಳಲ್ಲಿ ಅವು ನೂರಕ್ಕೆ ಒಂದರಷ್ಟು. ಅವಕ್ಕೆ ಸಾರ್ಕೋಮ ಎಂದು ಹೆಸರು. ಐವತ್ತಕ್ಕೂ ಹೆಚ್ಚು ಬಗೆಗಳಿವೆ. ಗ್ರೀಕಿನಲ್ಲಿ 'ಸಾರ್ಕ್ಸ್' ಎಂದರೆ ಮಾಂಸ. ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಮಾಂಸದಂಥ ಬೆಳವಣಿಗೆಗೆಲ್ಲ ಈ ಹೆಸರನ್ನು ಬಳಸಿದ. ನಮ್ಮ ಮಾಂಸಾರ್ಬುದವೂ ಅವನ ಸಾರ್ಕೋಮವೂ ಹೆಸರಿನಲ್ಲಿ ಅವಳಿಗಳಂತಿವೆ. ಹಾಗೆಂದು ಸುಶ್ರುತ ಕಂಡದ್ದು ಇಂದಿನ ಸಾರ್ಕೋಮವನ್ನೇ ಎಂದು ಸಾಧಿಸಹೊರಡುವುದು ಬೇಡ. ಅಂಥ ಸಾಧನೆಯಿಂದ ನನಗೆ ಬುದ್ಧಿ ಬಂದಿದೆ.

1804ರಲ್ಲಿ ಲಂಡನ್ನಿನ ಜಾನ್ ಅಬರ್ನೆತಿ ಗಡ್ಡೆಗಳನ್ನು ಅವುಗಳ ರಚನೆಯ ಮೇಲೆ ವಿಂಗಡಿಸಲು ಹೊರಟ. ಆದರೆ ಕೊಯ್ದ ಗಡ್ಡೆಯನ್ನು ಬರಿಗಣ್ಣಿನಲ್ಲಿ ನೋಡಿ ಎಷ್ಟು ತಿಳಿದೀತು? ಜರ್ಮನಿಯ ರುಡಾಲ್ಫ್ ವಿರ್ಖೊ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಲ್ಲ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆಂಬ ತತ್ತ್ವವನ್ನು 1858ರಲ್ಲಿ ಲೋಕಕ್ಕೆ ಸಾರಿದ. ಗಡ್ಡೆಯೂ ಹೊರಗಿನಿಂದ ಬಂದ ಭೂತವಲ್ಲ, ನಮ್ಮದೇ ಕೋಶಗಳ ಸಂತಾನ ಎಂದಾಯಿತು. ಹಾಗಾದರೆ ಒಳ್ಳೆಯ ಕೋಶ ದಾರಿ ತಪ್ಪುವುದೇಕೆ? ಮತ್ತೆ ಮತ್ತೆ ಆಗುವ ಕೆರಳಿಕೆಯಿಂದ, ಗಾಯದಿಂದ, ಪೆಟ್ಟಿನಿಂದ ಎಂದು ವಿರ್ಖೊ ಭಾವಿಸಿದ. ಅಷ್ಟು ದೊಡ್ಡ ಸೂಕ್ಷ್ಮದರ್ಶಕದ ಹಿಂದೆ ಕುಳಿತು ನಮ್ಮ ಅತ್ತೆಯ ಮಾತನ್ನೇ ಆಡಿದ!

ಈ ಚರಿತ್ರೆಯ ನಡುಮನೆ ಇರುವುದು ನ್ಯೂಯಾರ್ಕಿನಲ್ಲಿ. 1890ರ ಬೇಸಗೆಯಲ್ಲಿ ಎಲಿಜಬೆತ್ ಡಾಶಿಯಲ್ ಎಂಬ ಹದಿನೇಳು ವರ್ಷದ ಹುಡುಗಿ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅವಳ ಕೈ ಎರಡು ಆಸನಗಳ ನಡುವೆ ಸಿಕ್ಕಿ ಜಜ್ಜಿತು. ಸಣ್ಣ ಪೆಟ್ಟು. ಆದರೆ ಬಾವು ಇಳಿಯಲಿಲ್ಲ, ನೋವು ಏರಿತು. ಮೊದಲು ಎಲ್ಲರೂ ನಂಜೆಂದು ತಿಳಿದರು. ಹಾರ್ವರ್ಡಿನಲ್ಲಿ 1888ರಲ್ಲಿ ಓದು ಮುಗಿಸಿ ಬಂದಿದ್ದ ವಿಲಿಯಂ ಕೋಲಿ ಎಂಬ ಇಪ್ಪತ್ತೆಂಟರ ಶಸ್ತ್ರವೈದ್ಯ ಕೊಯ್ದು ನೋಡಿದ, ಕೀವು ಬಾರಲಿಲ್ಲ. ಪರೀಕ್ಷೆಯಲ್ಲಿ ಸಾರ್ಕೋಮ ಎಂದು ತಿಳಿಯಿತು. ಮೊಳಕೈ ಕೆಳಗೆ ಕೈಯನ್ನು ಕಡಿದು ತೆಗೆದ. ಆಗ ಇದ್ದ ವಿದ್ಯೆ ಅಷ್ಟೇ. ರೋಗ ಅಷ್ಟು ಹೊತ್ತಿಗೆ ಕೈ ದಾಟಿ ಮೈಯೆಲ್ಲ ಹಬ್ಬಿತ್ತು. 1891ರ ಜನವರಿ 23ರಂದು ಅವಳು ತೀರಿಕೊಂಡಳು. ಕೋಲಿ ಹಾಸಿಗೆಯ ಪಕ್ಕದಲ್ಲಿದ್ದ.

ಆ ಹುಡುಗಿಯನ್ನು ತಂಗಿಯಂತೆ ಕಂಡಿದ್ದ ಗೆಳೆಯನೊಬ್ಬನಿದ್ದ. ಅವನು ಎಣ್ಣೆಯ ದೊರೆ ರಾಕ್‌ಫೆಲರನ ಮಗ, ಕಿರಿಯ ಜಾನ್ ರಾಕ್‌ಫೆಲರ್. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕೋಲಿಗೆ ಈ ಸಾವು ಅರಗಲಿಲ್ಲ. ಅವನು ಆಸ್ಪತ್ರೆಯ ಹಳೆಯ ಕಡತಗಳನ್ನು ಕೆದಕಲು ಕುಳಿತ. ಅಲ್ಲೊಂದು ವಿಚಿತ್ರ ದಾಖಲೆ ಸಿಕ್ಕಿತು. ಸ್ಟೈನ್ ಎಂಬ ಜರ್ಮನ್ ವಲಸಿಗನ ಕೊರಳಿನಲ್ಲಿ ಸಾರ್ಕೋಮ; ಹಲವು ಸಲ ಕೊಯ್ದರೂ ಮತ್ತೆ ಮತ್ತೆ ಬೆಳೆದದ್ದು; ವೈದ್ಯರು ಕೈಬಿಟ್ಟದ್ದು. ಕೊಯ್ದ ಗಾಯಕ್ಕೆ ಎರಿಸಿಪೆಲಸ್ ಎಂಬ ಸೋಂಕು ತಗುಲಿತು. ಚರ್ಮ ಕೆಂಡದಂತೆ ಕೆಂಪಾಗಿ ಹಬ್ಬುವ, ವಿಪರೀತ ಜ್ವರ ತರುವ ಈ ಬೇನೆಯನ್ನು ನಮ್ಮ ಗ್ರಂಥಗಳ ವಿಸರ್ಪಕ್ಕೆ ಹೋಲಿಸುವುದುಂಟು. ಜ್ವರ ಬಂದು ಹೋಯಿತು. ಜೊತೆಗೆ ಗಡ್ಡೆಯೂ ಕರಗಿಹೋಯಿತು! ಮನುಷ್ಯ ಮನೆಗೆ ನಡೆದ ಎಂದು ಬರೆದು ಕಡತ ಮುಗಿದಿತ್ತು. ಕೋಲಿ ಕಡತವನ್ನು ಮುಚ್ಚಿಡಲಿಲ್ಲ. ಬಡ ವಲಸಿಗರು ಕಿಕ್ಕಿರಿದಿದ್ದ ಕೆಳ ಮ್ಯಾನ್‌ಹಾಟನ್ನಿನ ಬೀದಿಗಳಲ್ಲಿ ಬಾಗಿಲು ಬಾಗಿಲು ಬಡಿದು ಆ ಮನುಷ್ಯನನ್ನು ಹುಡುಕಿದ. ಹುಡುಕಿ ಕಂಡೂ ಕಂಡ. ಏಳು ವರ್ಷ ಕಳೆದಿತ್ತು. ಕೊರಳಿನ ಮೇಲೆ ಗಾಯದ ಕಲೆ ಇತ್ತು, ಗಡ್ಡೆ ಇರಲಿಲ್ಲ. ಈ ಹುಡುಕಾಟವೇ ನನಗೆ ಕೋಲಿಯ ಬದುಕಿನ ಅತಿ ದೊಡ್ಡ ಕೆಲಸವಾಗಿ ಕಾಣುತ್ತದೆ. ಓದಿದ್ದನ್ನು ಕಣ್ಣಾರೆ ಕಾಣಲು ಅವನು ಬೀದಿಗೆ ಇಳಿದ. ನಾನು ಪುಸ್ತಕದ ಒಂದು ಪುಟವನ್ನು ಮಗುಚಲೂ ಇಲ್ಲ.

1891ರಲ್ಲಿಯೇ ಕೋಲಿ ಒಂದು ಭಯಂಕರ ಪ್ರಯೋಗಕ್ಕೆ ಕೈ ಹಾಕಿದ. ಜೋಲಾ ಎಂಬ ಇಟಲಿಯವನ ಕೊರಳಲ್ಲಿ ಗಡ್ಡೆ ಬೆಳೆದು ಉಣ್ಣುವುದೂ ಮಾತನಾಡುವುದೂ ಕಷ್ಟವಾಗಿತ್ತು. ಅವನಿಗೆ ಎರಿಸಿಪೆಲಸಿನ ಜೀವಂತ ಕ್ರಿಮಿಗಳನ್ನೇ ಚುಚ್ಚಿದ. ತಿಂಗಳುಗಟ್ಟಲೆ ಚುಚ್ಚಿದ ಮೇಲೆ ನಿಜವಾದ ಸೋಂಕು ಹತ್ತಿ, ಜ್ವರ ವಿಪರೀತ ಏರಿ, ರೋಗಿ ಸಾಯುವನೆಂಬ ಸ್ಥಿತಿ ಬಂತು. ಸಾಯಲಿಲ್ಲ. ಗಡ್ಡೆ ಒಡೆದು ಕರಗಿತು. ಎಂಟು ವರ್ಷ ಬದುಕಿದ. ಆದರೆ ಇದೇ ಚಿಕಿತ್ಸೆಯಲ್ಲಿ ಬೇರೆ ಇಬ್ಬರು ಸೋಂಕಿನಿಂದಲೇ ಸತ್ತರು. ಆಮೇಲೆ ಕೋಲಿ ಕೊಂದ ಕ್ರಿಮಿಗಳ ಮಿಶ್ರಣವನ್ನು ತಯಾರಿಸಿದ. 1893ರಲ್ಲಿ ಹೊಟ್ಟೆಯ ದೊಡ್ಡ ಗಡ್ಡೆಯಿಂದ ನರಳುತ್ತಿದ್ದ ಹದಿನಾರರ ಹುಡುಗನಿಗೆ ಅದನ್ನು ಕೊಟ್ಟ. ಗಡ್ಡೆ ಕುಗ್ಗಿತು, ಹುಡುಗ ಇಪ್ಪತ್ತಾರು ವರ್ಷ ಬದುಕಿ ಹೃದ್ರೋಗದಿಂದ ಸತ್ತ.

ಇಷ್ಟಾದರೂ ವೈದ್ಯಲೋಕ ಕೋಲಿಯನ್ನು ಪೂರ್ತಿ ನಂಬಲಿಲ್ಲ. ಇದರಲ್ಲಿ ಅವನ ತಪ್ಪೂ ಇದೆ. ಮಿಶ್ರಣದ ಪಾಕ ಹಲವು ಸಲ ಬದಲಾಯಿತು. ಒಂದು ಸೀಸೆಯ ಬಲ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ರೋಗಿಗಳ ಲೆಕ್ಕ ಅಚ್ಚುಕಟ್ಟಾಗಿರಲಿಲ್ಲ. ಅಷ್ಟರಲ್ಲಿ 1895ರಲ್ಲಿ ಎಕ್ಸ್‌ರೇ, 1898ರಲ್ಲಿ ರೇಡಿಯಂ ಬಂದವು. ಕೋಲಿಯ ಆಸ್ಪತ್ರೆಯಲ್ಲಿಯೇ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ರೇಡಿಯಂ ಪಕ್ಷದವನಾಗಿ ಇವನ ಪ್ರತಿಪಕ್ಷನಾದ.

ಈ ಇಬ್ಬರ ಮನಸ್ತಾಪದ ನಡುವೆ ನಮ್ಮ ಪೆಟ್ಟಿನ ಪ್ರಶ್ನೆಯೂ ಬರುತ್ತದೆ. ಜಜ್ಜಿದ ಆ ಕೈಯನ್ನು ಮರೆಯದ ಕೋಲಿ, ಕ್ಯಾನ್ಸರಿಗೆ ಪೆಟ್ಟು ಒಂದು ಕಾರಣವೆಂದು ವಾದಿಸಿ 1911ರಲ್ಲಿ ಲೇಖನವನ್ನೇ ಬರೆದ. ಯೂಯಿಂಗ್ ಒಪ್ಪಲಿಲ್ಲ. ಆ ವೇಳೆಗೆ ಕಾರ್ಖಾನೆಯ ಕೆಲಸಗಾರರ ಪರಿಹಾರದ ಮೊಕದ್ದಮೆಗಳಲ್ಲಿ ಈ ಪ್ರಶ್ನೆ ಕೋರ್ಟು ಹತ್ತಿತ್ತು. 1935ರಲ್ಲಿ ಯೂಯಿಂಗ್ ಷರತ್ತುಗಳನ್ನು ಮುಂದಿಟ್ಟ: ಪೆಟ್ಟು ನಿಜವಾಗಿ ಬಿದ್ದಿರಬೇಕು, ಸಾಕಷ್ಟು ಬಲವಾಗಿಯೂ ಬಿದ್ದಿರಬೇಕು, ಆ ಜಾಗ ಮೊದಲು ಆರೋಗ್ಯವಾಗಿತ್ತೆಂದು ಗೊತ್ತಿರಬೇಕು, ಗಡ್ಡೆ ಸರಿಯಾಗಿ ಅಲ್ಲಿಯೇ ಹುಟ್ಟಿರಬೇಕು, ನಡುವಣ ಕಾಲ ಯುಕ್ತವಾಗಿರಬೇಕು, ಗಡ್ಡೆಯ ಜಾತಿ ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿರಬೇಕು. ಈ ಜರಡಿಯಲ್ಲಿ ಹಾಕಿ ಆಡಿಸಿದರೆ ಪೆಟ್ಟಿನ ಕಥೆಗಳು ಬಹುತೇಕ ಎಲ್ಲವೂ ಉದುರಿಹೋಗುತ್ತವೆ. ಎರಡನೆಯ ಷರತ್ತನ್ನೇ ನೋಡಿ. ಬೀಳುವ ಮುನ್ನ ಮಾವನ ತೊಡೆಯೊಳಗೆ ಗಂಟು ಇರಲಿಲ್ಲವೆಂದು ಹೇಳುವವರಾರು? ಬಿದ್ದ ಮೇಲೆ ತಾನೆ ಅವರು ತೊಡೆಯನ್ನು ಒತ್ತಿ ನೋಡಿದ್ದು! ಪೆಟ್ಟು ಗಡ್ಡೆಯನ್ನು ಹುಟ್ಟಿಸುವುದಿಲ್ಲ, ಇರುವ ಗಡ್ಡೆಯ ಕಡೆಗೆ ನಮ್ಮ ಕೈಯನ್ನು ಕರೆದೊಯ್ಯುತ್ತದೆ ಎಂಬುದು ಇಂದಿನ ವೈದ್ಯರ ಸಾಮಾನ್ಯ ಅಭಿಪ್ರಾಯ. ಮಾಂಸಖಂಡದಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವೊಮ್ಮೆ ಅದು ಮೂಳೆಯಂತೆ ಗಟ್ಟಿಯಾಗಿ, ನಿಜವಾಗಿ ಪೆಟ್ಟಿನಿಂದಲೇ ಆಗುವ ಗಂಟುಗಳೂ ಇವೆ. ಅವು ಕ್ಯಾನ್ಸರಲ್ಲ. ಎರಡೂ ಹೊರಗೆ ಒಂದೇ ರೀತಿ ಕಾಣುವುದರಿಂದಲೇ ಗೊಂದಲ.

ಹಾಗಾದರೆ ಕಾರಣವೇನು? ಉತ್ತರದ ಒಂದು ತುದಿ ಸಿಕ್ಕಿದ್ದು ಕೋಳಿಯ ಎದೆಯಲ್ಲಿ. 1909ರಲ್ಲಿ, ಹಿರಿಯ ರಾಕ್‌ಫೆಲರ್ 1901ರಲ್ಲಿ ಸ್ಥಾಪಿಸಿದ್ದ ಸಂಶೋಧನಾಲಯಕ್ಕೆ, ಎದೆಯಲ್ಲಿ ಗಡ್ಡೆಯಿದ್ದ ಪ್ಲಿಮತ್ ರಾಕ್ ಜಾತಿಯ ಒಂದು ಹೇಂಟೆ ಬಂತು. ಪೇಟನ್ ರೌಸ್ ಎಂಬ ತರುಣ ಅದರ ಸಾರ್ಕೋಮವನ್ನು ಅರೆದು, ಕೋಶಗಳೂ ಕ್ರಿಮಿಗಳೂ ದಾಟಲಾರದ ಸೋಸಣಿಗೆಯಲ್ಲಿ ಸೋಸಿ, ಬರಿಯ ರಸವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದ. ಅವಕ್ಕೂ ಗಡ್ಡೆ ಎದ್ದಿತು. ಸೋಸಣಿಗೆಯಲ್ಲಿ ನುಸುಳುವ ಅದೇನೋ ಒಂದು, ಎಂದರೆ ಇಂದು ನಾವು ವೈರಸ್ ಎನ್ನುವುದು, ಗಡ್ಡೆಗೆ ಕಾರಣವೆಂದು 1911ರಲ್ಲಿ ಪ್ರಕಟಿಸಿದ. ಕೋಳಿಯ ಮಾತು ಮನುಷ್ಯನಿಗೆ ಹೇಗೆ ಸಲ್ಲುತ್ತದೆಂದು ಜನ ನಕ್ಕರು. ಇಲಿಗಳಲ್ಲಿ ಇಂಥದು ಸಿಕ್ಕದೆ ರೌಸ್ ಕೂಡ ಬೇಸತ್ತು ಆ ಕೆಲಸ ಬಿಟ್ಟ. 1966ರಲ್ಲಿ, ಅವನ ಎಂಬತ್ತೇಳನೆಯ ವಯಸ್ಸಿನಲ್ಲಿ, ಅದೇ ಶೋಧಕ್ಕೆ ನೊಬೆಲ್ ಬಹುಮಾನ ಬಂತು. ಐವತ್ತೈದು ವರ್ಷ ಕಾದು ಅದನ್ನು ಪಡೆಯಲು ಬದುಕಿರುವುದೂ ಒಂದು ಸಾಧನೆಯೇ.

ಕಥೆಯ ನಿಜವಾದ ತಿರುವು ಬಂದದ್ದು 1976ರಲ್ಲಿ. ಆ ವೈರಸ್ಸಿನಲ್ಲಿ ಗಡ್ಡೆಯನ್ನು ಎಬ್ಬಿಸುವ ಜೀನ್ ಒಂದಿದೆ, ಸಾರ್ಕೋಮದ ಹೆಸರಿನಿಂದಲೇ ಅದನ್ನು 'ಸಾರ್ಕ್' ಎನ್ನುತ್ತಾರೆ. ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಹುಡುಕಿದಾಗ ಅದೇ ಜೀನ್ ಆರೋಗ್ಯವಂತ ಕೋಳಿಯ ಕೋಶಗಳಲ್ಲಿಯೂ ಇತ್ತು! ವೈರಸ್ ಅದನ್ನು ಎಂದೋ ಕೋಳಿಯಿಂದಲೇ ಕದ್ದಿತ್ತು. ಬೆಳವಣಿಗೆಯ ಕೀಲಿಕೈ ನಮ್ಮ ಮನೆಯದೇ. ಅದು ತಿರುಚಿಕೊಂಡಾಗ ಬಾಗಿಲು ಮುಚ್ಚದು. ಬಿಷಪ್ ಮತ್ತು ವಾರ್ಮಸ್‌ಗೆ 1989ರಲ್ಲಿ ನೊಬೆಲ್ ಬಂತು. ಮನುಷ್ಯರ ಸಾರ್ಕೋಮಗಳಿಗೆ ಈ ತಿರುಚುವಿಕೆಯೇ ಮೂಲ. ಹಿಂದೆ ಪಡೆದ ವಿಕಿರಣ ಚಿಕಿತ್ಸೆ, ಕೆಲವು ಕುಟುಂಬಗಳಲ್ಲಿ ಹರಿದುಬರುವ ಜೀನ್ ದೋಷ, ಬಹುಕಾಲ ಇಳಿಯದ ಕೈಕಾಲಿನ ಬಾವು, ಕಪೋಸಿ ಸಾರ್ಕೋಮದ ವಿಷಯದಲ್ಲಿ ಒಂದು ವೈರಸ್, ಇವು ಗೊತ್ತಿರುವ ಕೆಲವು ನಿಮಿತ್ತಗಳು. ಬಹುಮಂದಿ ರೋಗಿಗಳಲ್ಲಿ ಯಾವ ನಿಮಿತ್ತವೂ ಕಾಣುವುದಿಲ್ಲ. ಮನುಷ್ಯನಿಗೆ ಇದಕ್ಕಿಂತ ಕಹಿಯಾದ ಉತ್ತರ ಇಲ್ಲ. ಏಣಿಯಾದರೂ ಇದ್ದರೆ ಬೈಯಬಹುದು.

ಚಿಕಿತ್ಸೆಯ ಕಥೆಯಲ್ಲಿ ಬಹುಕಾಲ ಇದ್ದದ್ದು ಗರಗಸ. 1846ರ ಈಥರ್, 1867ರ ಲಿಸ್ಟರನ ನಂಜುನಿರೋಧ ಇವುಗಳಿಂದ ಶಸ್ತ್ರಕ್ರಿಯೆ ಸುಸೂತ್ರವಾಯಿತಾದರೂ, ತೊಡೆಯಲ್ಲಿ ಸಾರ್ಕೋಮವೆಂದರೆ ಕಾಲು ಹೋಯಿತೆಂದೇ ಅರ್ಥ. ಇದನ್ನು ಬದಲಿಸಿದ್ದು ಕೇವಲ ನಲವತ್ತಮೂರು ಮಂದಿ ರೋಗಿಗಳು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 1975ರಿಂದ ಆರು ವರ್ಷ, ಸ್ಟೀವನ್ ರೋಸನ್‌ಬರ್ಗ್ ಮತ್ತು ಸಂಗಡಿಗರು, ಹದಿನಾರು ಜನರ ಕೈ ಅಥವಾ ಕಾಲನ್ನು ತೆಗೆದು, ಇಪ್ಪತ್ತೇಳು ಜನರ ಗಡ್ಡೆಯನ್ನು ಮಾತ್ರ ತೆಗೆದು ವಿಕಿರಣ ಕೊಟ್ಟು ಹೋಲಿಸಿದರು. ಅಂಗ ಉಳಿದವರಲ್ಲಿ ನಾಲ್ವರಿಗೆ ಗಡ್ಡೆ ಅಲ್ಲಿಯೇ ಮರಳಿತು. ಆದರೆ ಬದುಕಿ ಉಳಿಯುವ ಮಾತಿನಲ್ಲಿ ಎರಡು ಗುಂಪಿಗೂ ಭೇದ ಕಾಣಲಿಲ್ಲ. 1982ರಲ್ಲಿ ಇದು ಪ್ರಕಟವಾದ ಮೇಲೆ ಗರಗಸ ಹಿಂದೆ ಸರಿಯಿತು. ಸಾವಿರಾರು ಜನ ಇಂದು ತಮ್ಮ ಕಾಲಿನ ಮೇಲೆ ನಡೆಯುತ್ತಿರುವುದು ಆ ನಲವತ್ತಮೂರು ಜನರ ಋಣ; ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಔಷಧಗಳೂ ಬಂದಿವೆ. ಜಠರ ಮತ್ತು ಕರುಳಿನ ಗೋಡೆಯಲ್ಲಿ ಏಳುವ ಒಂದು ಜಾತಿಯ ಸಾರ್ಕೋಮದಲ್ಲಿ ತಿರುಚಿದ ಜೀನ್ ಯಾವುದೆಂದು 1998ರಲ್ಲಿ ಜಪಾನಿನವರು ಕಂಡುಹಿಡಿದರು. ಅದಕ್ಕೆ ಹೊಂದುವ ಇಮಾಟಿನಿಬ್ ಮಾತ್ರೆಯನ್ನು 2000ದಲ್ಲಿ ಫಿನ್ಲೆಂಡಿನ ಒಬ್ಬ ಹೆಂಗಸಿಗೆ ಕೊಟ್ಟಾಗ ಗಡ್ಡೆಗಳು ಕುಗ್ಗಿದವು. ಉಳಿದ ಜಾತಿಗಳಿಗೆ ಅಷ್ಟು ಸರಾಗವಾದ ಮಾತ್ರೆ ದೊರೆತಿಲ್ಲ.

ಕೋಲಿ 1936ರಲ್ಲಿ ತೀರಿಕೊಂಡ. ಅವನ ಮಗಳು ಹೆಲೆನ್ ಕೋಲಿ ನಾಟ್ಸ್, ವೈದ್ಯೆಯಲ್ಲ, ತಂದೆಯ ಕಾಗದಗಳ ರಾಶಿಯನ್ನು ಹಿಡಿದು ಕುಳಿತು ರೋಗಿಗಳ ವಿವರಗಳನ್ನು ಒಂದೊಂದಾಗಿ ಪಟ್ಟಿಮಾಡಿದಳು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಸಂಶೋಧನೆಗೆಂದು 1953ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದಳು. ಅದಕ್ಕೆ ಮೊದಲ ಎರಡು ಸಾವಿರ ಡಾಲರು ಕೊಟ್ಟವನು ನೆಲ್ಸನ್ ರಾಕ್‌ಫೆಲರ್, ಆ ಹುಡುಗಿಯ ಗೆಳೆಯನ ಮಗ. ಆ ದಾರಿಯ ಕೆಲಸಕ್ಕೆ 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ ನೊಬೆಲ್ ಬಂತು. 2024ರ ಆಗಸ್ಟಿನಲ್ಲಿ, ರೋಗಿಯದೇ ಬಿಳಿಯ ರಕ್ತಕಣಗಳನ್ನು ಹೊರತೆಗೆದು ಪಳಗಿಸಿ ಒಂದು ಬಗೆಯ ಸಾರ್ಕೋಮದ ಮೇಲೆ ಬಿಡುವ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಮಾವನ ಕಥೆ ಹೇಳಿ ಮುಗಿಸುತ್ತೇನೆ. ಒಂಬತ್ತನೆಯ ತಿಂಗಳಿಗೆ ಗಂಟು ಮೂಸಂಬಿಯಷ್ಟಾಯಿತು. ಪೇಟೆಯ ವೈದ್ಯರೊಬ್ಬರು ಕೊಬ್ಬಿನ ಗಡ್ಡೆಯೆಂದು ಹೇಳಿ, ಸ್ಕ್ಯಾನು ಮಾಡಿಸದೆ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸದೆ, ಒಂದು ಮಧ್ಯಾಹ್ನ ಕೊಯ್ದು ತೆಗೆದರು. ತೆಗೆದದ್ದು ಬಕೀಟಿಗೆ ಹೋಯಿತು. ನಾಲ್ಕು ತಿಂಗಳಲ್ಲಿ ಅದೇ ಜಾಗದಲ್ಲಿ ಎರಡು ಗಂಟುಗಳು ಎದ್ದವು. ಬೆಂಗಳೂರಿಗೆ ಕರೆತಂದಾಗ ಇಲ್ಲಿನ ವೈದ್ಯರು ಮೊದಲು ಕೇಳಿದ್ದು, "ತೆಗೆದ ಗಡ್ಡೆಯ ವರದಿ ಎಲ್ಲಿ?" ಎಂದು. ಐದು ಸೆಂಟಿಮೀಟರಿಗಿಂತ ದೊಡ್ಡದು, ಆಳದಲ್ಲಿರುವುದು, ಬೆಳೆಯುತ್ತಿರುವುದು, ಈ ಮೂರರಲ್ಲಿ ಒಂದು ಇದ್ದರೂ ನೋವಿಲ್ಲವೆಂದು ಸುಮ್ಮನಿರಬಾರದು, ಮೊದಲು ಚಿತ್ರ, ಆಮೇಲೆ ಸೂಜಿ, ಕೊನೆಗೆ ಕತ್ತಿ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಗಡ್ಡೆಯ ಸುತ್ತ ಆರೋಗ್ಯವಾದ ಮಾಂಸದ ಅಂಚನ್ನೂ ಸೇರಿಸಿ ತೆಗೆಯದಿದ್ದರೆ ಅದು ಮರಳುತ್ತದಂತೆ.

ಆ ರಾತ್ರಿ ಮನೆಗೆ ಬಂದು ಸುಶ್ರುತವನ್ನು ಮತ್ತೆ ತೆಗೆದೆ. ಈ ಬಾರಿ ಚಿಕಿತ್ಸಾಸ್ಥಾನ, ಹದಿನೆಂಟನೆಯ ಅಧ್ಯಾಯ. ಅರ್ಬುದವನ್ನು ಶೇಷ ಉಳಿಸಿ ತೆಗೆದರೆ ಅದು ಬೇಗ ಮರಳುತ್ತದೆ, ಉಳಿದ ಬೆಂಕಿಯ ಹಾಗೆ ಕೊಲ್ಲುತ್ತದೆ, ಆದ್ದರಿಂದ ಸ್ವಲ್ಪವೂ ಉಳಿಯದಂತೆ ಕೀಳಬೇಕು ಎಂಬರ್ಥದ ಮಾತು ಅಲ್ಲಿತ್ತು. ಮೊದಲ ಸಲ ನಾನು ಆ ಅಧ್ಯಾಯದವರೆಗೆ ಹೋಗಿಯೇ ಇರಲಿಲ್ಲ.

ಎರಡನೆಯ ಶಸ್ತ್ರಕ್ರಿಯೆ, ಮೂವತ್ತು ದಿನಗಳ ವಿಕಿರಣ ಆದವು. ಕಾಲು ಉಳಿಯಿತು. ಮಾವ ಕುಂಟುತ್ತ ತೋಟಕ್ಕೆ ಹೋಗಿಬರುವಷ್ಟಾದರು, ಎರಡು ಸುಗ್ಗಿ ಅಡಕೆ ಸುಲಿಸಿದರು. ಸಾರ್ಕೋಮ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು. ಅವರಿಗೂ ಹಾಗೆಯೇ ಆಯಿತು. 2011ರಲ್ಲಿ ತೀರಿಕೊಂಡರು. ಕೊನೆಯ ಸಲ ಆಸ್ಪತ್ರೆಯಲ್ಲಿ ಅವರು ವೈದ್ಯರನ್ನು ಕೇಳಿದ್ದರು: "ನಾನು ಅವತ್ತು ಏಣಿಯಿಂದ ಬೀಳದೆ ಇದ್ದಿದ್ದರೆ?" ವೈದ್ಯರು, "ಬೀಳದೆ ಇದ್ದಿದ್ದರೆ ನಿಮಗೆ ಇನ್ನೂ ತಡವಾಗಿ ಗೊತ್ತಾಗುತ್ತಿತ್ತು, ಅಷ್ಟೇ ಯಜಮಾನರೆ" ಎಂದರು. ಮಾವ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಊರಿನಲ್ಲಿ ಅತ್ತೆಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಆ ಏಣಿಯನ್ನು ಅಂಗಳಕ್ಕೆ ತರಿಸಿ, ಸೌದೆಗೆ ಒಡೆಸಿದರು.